ಊಟ ಬದಲಿಸುವ ಮೊದಲು ಹೊತ್ತು ಬದಲಿಸಿ: ದೇಹ, ಮನಸ್ಸು, ಆತ್ಮ ಮೂರಕ್ಕೂ ಒಗ್ಗುವ 12 ವಾರಗಳ ದಾರಿ

ಶುಗರ್ ಗಡಿಯಲ್ಲಿದೆ ಅಂತ ರಿಪೋರ್ಟ್ ಬರುತ್ತದೆ. ಮುಂದಿನ ಸೋಮವಾರವೇ ಮನೆಯಿಂದ ಅಕ್ಕಿ ಆಚೆ, ನವಣೆ ಒಳಗೆ. ಕಾಫಿಗೆ ಸಕ್ಕರೆ ಬಂದ್. ರಾತ್ರಿ ಊಟ ಬಂದ್. ಬೆಳಿಗ್ಗೆ 5ಕ್ಕೆ ವಾಕಿಂಗ್, ಆಮೇಲೆ ಪ್ರಾಣಾಯಾಮ, ಆಮೇಲೆ ಧ್ಯಾನ. ಎರಡನೇ ವಾರ ಮುಗಿಯುವಷ್ಟರಲ್ಲಿ ಹೊಟ್ಟೆ ಕಟ್ಟಿಕೊಂಡಿರುತ್ತದೆ, ಮನೆಯಲ್ಲಿ ಒಂದು ಜಗಳ ಆಗಿರುತ್ತದೆ, ರಾತ್ರಿ 11ಕ್ಕೆ ಖಾರದ ಮಿಕ್ಸ್ಚರ್ ಡಬ್ಬಿಯ ಮುಚ್ಚಳ ತೆರೆದಿರುತ್ತದೆ. "ನನಗೆ ಮನಸ್ಸು ಗಟ್ಟಿ ಇಲ್ಲ" ಅಂತ ಕೈಬಿಡುತ್ತಾರೆ.

ಈ ಮಾತನ್ನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ನಮ್ಮ ಮನೆಯಲ್ಲೂ ಎರಡು ಸಲ ಹೀಗೇ ಆಯಿತು. ಆಗ ತಪ್ಪಿದ್ದು ಕೆಲಸಗಳ ಕ್ರಮ ಅಂತ ಮೂರನೇ ಸಲಕ್ಕೆ ಅರ್ಥವಾಯಿತು. ತಟ್ಟೆಯಲ್ಲಿರುವುದನ್ನು ಬದಲಿಸುವುದು ನಾಲ್ಕನೆಯ ಕೆಲಸ. ಅದನ್ನೇ ಮೊದಲು ಮಾಡಲು ಹೋದರೆ ನಿಲ್ಲುವುದಿಲ್ಲ. ನಿದ್ದೆಗೆಟ್ಟ ದೇಹ, ಸಂಜೆಗೆ ಸುಸ್ತಾದ ಮನಸ್ಸು, ಇದನ್ನೆಲ್ಲ ಯಾಕಾಗಿ ಮಾಡುತ್ತಿದ್ದೇನೆ ಅಂತಲೇ ಗೊತ್ತಿಲ್ಲದ ಜೀವ. ಇವು ಮೂರೂ ಹಾಗೇ ಇದ್ದರೆ ಎಷ್ಟು ಸಿರಿಧಾನ್ಯ ತಂದರೂ ಡಬ್ಬಿಯಲ್ಲಿ ಹುಳ ಹಿಡಿಯುತ್ತದೆ ಅಷ್ಟೇ.

2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 13.6 ಕೋಟಿ ಜನ ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದಾರೆ. ಮುಖ್ಯವಾಗಿ ಅಂಥವರನ್ನು, ಅವರಿಗೆ ಅಡುಗೆ ಮಾಡುವವರನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ತೂಕ, ಬಿ.ಪಿ., ಸುಸ್ತು, ಅಸಿಡಿಟಿ ಇರುವವರಿಗೂ ದಾರಿ ಹೆಚ್ಚುಕಡಿಮೆ ಇದೇ.

## ಇವರು ಮೊದಲು ವೈದ್ಯರನ್ನು ಕೇಳಿ

ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ಇಳಿಸುವ ಗ್ಲಿಮಿಪಿರೈಡ್‌ನಂಥ ಮಾತ್ರೆ ನುಂಗುವವರು ಊಟದ ಹೊತ್ತು ಅಥವಾ ಅಳತೆ ಬದಲಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು. ಊಟ ಕಡಿಮೆಯಾಗಿ ಔಷಧಿ ಅಷ್ಟೇ ಇದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಇದ್ದಕ್ಕಿದ್ದಂತೆ ಬೆವರು, ಕೈನಡುಕ, ಎದೆ ಡವಡವ, ಮಾತು ತೊದಲುವುದು ಇದರ ಗುರುತು. ಗ್ಲುಕೋಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕರಗಿಸಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಕಿಡ್ನಿ ತೊಂದರೆ ಇರುವವರಿಗೆ ಸೊಪ್ಪು, ಕಾಳು, ಹಣ್ಣು ಎಷ್ಟು ತಿನ್ನಬಹುದು ಎನ್ನುವ ಲೆಕ್ಕವೇ ಬೇರೆ. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ಉಪವಾಸದ ಭಾಗವನ್ನು ಪೂರ್ತಿ ಬಿಡಿ. ಊಟದ ಲೆಕ್ಕವೇ ಮನಸ್ಸನ್ನು ಕಾಡುವ ತೊಂದರೆ ಹಿಂದೆ ಇದ್ದವರು ಒಬ್ಬರೇ ಇದಕ್ಕೆ ಕೈಹಾಕಬೇಡಿ.

ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ರಿಪೋರ್ಟ್ ಚೆನ್ನಾಗಿ ಬಂದ ಮೇಲೂ ಅಷ್ಟೇ.

## ಬೇಕಾಗುವ ಸಾಮಾನು

ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ನೂರು ಪುಟದ ಒಂದು ನೋಟ್‌ಬುಕ್, ಪೆನ್ನು. ಟೈಲರ್ ಟೇಪು. ದಿನಾ ಊಟಕ್ಕೆ ಬಳಸುವ ಒಂದೇ ಅಳತೆಯ ಸ್ಟೀಲ್ ಬಟ್ಟಲು. ಇನ್ನು ಮೇಲೆ ಅನ್ನ, ಕಾಳು, ಪಲ್ಯ ಎಲ್ಲಕ್ಕೂ ಅದೇ ಅಳತೆ. ಒಂದು ಅಲಾರಂ.

ಇನ್ನೊಂದು ಕೆಲಸವನ್ನು ಇವತ್ತೇ ಮಾಡಿ. ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ ಆಯಿತು. ಅಂದರೆ 1 ಕೆ.ಜಿ. ಪ್ಯಾಕೆಟ್ ಕಡಿಮೆ ಅಂದರೂ 50 ದಿನ ಬರಬೇಕು. ಹೊರಗಿನ ತಿಂಡಿ, ಬ್ರೆಡ್ಡು, ಅಂಗಡಿಯ ಉಪ್ಪಿನಕಾಯಿಯ ಉಪ್ಪು ಬೇರೆ ಇದೆಯಲ್ಲ, ಹಾಗಾಗಿ ಇನ್ನೂ ಜಾಸ್ತಿ ದಿನವೇ ಬರಬೇಕು. ನಮ್ಮ ಮನೆಯಲ್ಲಿ ಮೊದಲ ಪ್ಯಾಕೆಟ್ 31 ದಿನಕ್ಕೆ ಖಾಲಿಯಾಗಿತ್ತು. ಯಾರಿಗೂ ಉಪದೇಶ ಬೇಕಾಗಲಿಲ್ಲ, ಪ್ಯಾಕೆಟ್ಟೇ ಹೇಳಿತು.

## ಹಂತ 1: ಮೊದಲ ವಾರ ಏನನ್ನೂ ಬದಲಿಸಬೇಡಿ

ಅಡುಗೆ ಮಾಡುವವರ ಜೊತೆ ಕೂತು ಮಾತಾಡಿ. ಬಹಳ ಜನ ಈ ಮೆಟ್ಟಿಲನ್ನು ಹಾರಿ ಮುಂದೆ ಹೋಗುತ್ತಾರೆ. "ನಾಳೆಯಿಂದ ನನಗೆ ಬೇರೆ ಮಾಡು" ಅಂದರೆ ಅಮ್ಮನಿಗೋ ಹೆಂಡತಿಗೋ ದಿನಕ್ಕೆ ಎರಡು ಅಡುಗೆ. ಹತ್ತು ದಿನ ಮಾಡಿಯಾರು, ಹನ್ನೊಂದನೇ ದಿನ ಸೋಲುತ್ತಾರೆ. ಹಾಗಾಗಿ ನಿಯಮ ಒಂದೇ: ಮನೆಗೆಲ್ಲ ಒಂದೇ ಅಡುಗೆ, ಬಡಿಸುವ ಅಳತೆ ಮಾತ್ರ ಬೇರೆ. ತರಕಾರಿ ಹೆಚ್ಚುವುದು, ಕಾಳು ನೆನೆಹಾಕುವುದು, ಸೊಪ್ಪು ಬಿಡಿಸುವುದು ಇವಿಷ್ಟು ಬದಲಾವಣೆ ಬೇಕೆಂದವರ ಪಾಲಿಗೆ ಬರಲಿ. ಸೊಪ್ಪು ಬಿಡಿಸುವ ಇಪ್ಪತ್ತು ನಿಮಿಷ ಕೊಡಲು ಆಗದಿದ್ದರೆ ಈ ಬದಲಾವಣೆಗೆ ಇನ್ನೂ ಹೊತ್ತು ಬಂದಿಲ್ಲ ಅಂತಲೇ ನನ್ನ ಅಭಿಪ್ರಾಯ.

ತಿಂದದ್ದನ್ನೆಲ್ಲ ಬರೆಯಿರಿ. ನಾಲ್ಕು ಸಂಗತಿ ಸಾಕು: ಎಷ್ಟು ಹೊತ್ತಿಗೆ, ಏನು, ಎಲ್ಲಿ ಕೂತು, ಆಗ ಹಸಿವಿತ್ತೋ ಇಲ್ಲವೋ. ಕ್ಯಾಲೊರಿ ಲೆಕ್ಕ ಬೇಡ. ಒಳ್ಳೆಯದು-ಕೆಟ್ಟದ್ದು ಅಂತ ಗುರುತು ಹಾಕುವುದೂ ಬೇಡ.

ನನ್ನ ಚಿಕ್ಕಮ್ಮ ಹೀಗೆ ಬರೆದಿಟ್ಟ ನೋಟ್‌ಬುಕ್ಕಿನ ಒಂದು ಸಾಲು ನನಗೆ ಮರೆಯುವುದಿಲ್ಲ. "ಗುರುವಾರ, ರಾತ್ರಿ 10.20, ಅಡುಗೆಮನೆ ಕಟ್ಟೆ ಹತ್ರ ನಿಂತು, ಮಗನ ತಟ್ಟೆಯಲ್ಲಿ ಉಳಿದ ಚಿತ್ರಾನ್ನ, ಸಾರಿನ ತಳ, ಹಸಿವು ಸತ್ತಿತ್ತು." ಏಳು ದಿನದಲ್ಲಿ ಐದು ರಾತ್ರಿ ಹೀಗೇ ಇತ್ತು. ಅವರ ಎಚ್‌ಬಿಎ1ಸಿ (ಕೆಲವು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತಪರೀಕ್ಷೆ) ಆಗ 6.2. ಎಲ್ಲರಿಗೂ ಬಡಿಸಿ, ಪಾತ್ರೆ ಎತ್ತಿಟ್ಟು, ಕೊನೆಗೆ ನಿಂತುಕೊಂಡು ಉಳಿದದ್ದನ್ನು ತಿನ್ನುವ ಹೆಂಗಸಿಗೆ "ಅನ್ನ ಬಿಡಿ, ನವಣೆ ತಿನ್ನಿ" ಅಂತ ಹೇಳಿ ಏನು ಪ್ರಯೋಜನ? ಅವರಿಗೆ ಮೊದಲು ಬೇಕಾಗಿದ್ದು ಎಲ್ಲರ ಜೊತೆ ಕೂತು ಉಣ್ಣುವ ಒಂದು ಜಾಗ. ಪುಸ್ತಕ ಬರೆಯದೇ ಇದ್ದಿದ್ದರೆ ಅದು ಮನೆಯಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮೊದಲ ಪುಟದಲ್ಲಿ ಕಾರಣ ಬರೆಯಿರಿ. "ಆರೋಗ್ಯಕ್ಕಾಗಿ" ಅಂತ ಬರೆದರೆ ಸಾಲದು. ಚಿಕ್ಕಮ್ಮ ಬರೆದದ್ದು: "ಮೊಮ್ಮಗಳ ಕೈ ಹಿಡಿದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಬೇಕು." ಕಷ್ಟದ ದಿನ ಮನಸ್ಸು ಹಿಡಿದು ನಿಲ್ಲುವುದು ಇಂಥ ಸಾಲಿಗೆ.

ನಾಲ್ಕು ಅಳತೆ ತೆಗೆದಿಡಿ. ತೂಕ, ಹೊಕ್ಕುಳ ಮಟ್ಟದ ಸುತ್ತಳತೆ, ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಎಚ್ಚರ ಬೇಕು. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4 ಬಂದರೆ ಗಡಿ. ಅದಕ್ಕಿಂತ ಮೇಲಿದ್ದರೆ ವೈದ್ಯರನ್ನು ಕಂಡೇ ಮುಂದುವರಿಯಿರಿ.

## ಹಂತ 2: ರಾತ್ರಿ ಊಟದ ಹೊತ್ತು ಸರಿಮಾಡಿ (ವಾರ 2 ಮತ್ತು 3)

ಈ ಎರಡು ವಾರ ಊಟ ಅದೇ ಇರಲಿ. ಅನ್ನ-ಸಾರು ಅಂದರೆ ಅನ್ನ-ಸಾರೇ. ಹೊತ್ತು ಮಾತ್ರ ಬದಲಾಗಬೇಕು.

10ಕ್ಕೆ ಉಣ್ಣುವವರು ಒಮ್ಮೆಲೇ 7ಕ್ಕೆ ಇಳಿಯಲು ಹೋಗಬೇಡಿ. ಮೂರು-ನಾಲ್ಕು ದಿನಕ್ಕೊಮ್ಮೆ 20 ನಿಮಿಷ ಹಿಂದಕ್ಕೆ ಸರಿಸಿ. 8, 8.30ಕ್ಕೆ ಬಂದು ನಿಂತರೆ ಸಾಕು. ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು ಗಂಟೆಯಾದರೂ ಸಿಗಬೇಕು. ರಾತ್ರಿ ಹೊತ್ತು ಸಕ್ಕರೆಯನ್ನು ಸಂಭಾಳಿಸುವ ಶಕ್ತಿ ದೇಹಕ್ಕೆ ಹಗಲಿನಷ್ಟು ಇರುವುದಿಲ್ಲ. ಅದೇ ಅನ್ನ ಮಧ್ಯಾಹ್ನಕ್ಕಿಂತ ರಾತ್ರಿ ಹತ್ತರ ಮೇಲೆ ಜಾಸ್ತಿ ಸಕ್ಕರೆ ಏರಿಸುತ್ತದೆ.

ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ನಡೆಯಿರಿ. ಬೀದಿಯಲ್ಲೇ ಸಾಕು, ಮನೆಯೊಳಗೆ ಆದರೂ ಪರವಾಗಿಲ್ಲ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಿಂದ ನೇರ ಸಕ್ಕರೆ ಎಳೆದುಕೊಳ್ಳುತ್ತವೆ. ಬೆಳಿಗ್ಗೆ 5ರ ವಾಕಿಂಗ್ ಒಂದೇ ದಾರಿ ಅಂತ ಅಂದುಕೊಂಡು ಅದೂ ಆಗದೆ ಇದೂ ಆಗದೆ ಕೂತವರು ಬಹಳ ಜನ. ನಿದ್ದೆ ಕೆಡಿಸಿಕೊಂಡು 5ಕ್ಕೆ ಎದ್ದು ನಡೆಯುವುದಕ್ಕಿಂತ ರಾತ್ರಿ ಊಟದ ಮೇಲಿನ ಹದಿನೈದು ನಿಮಿಷವನ್ನೇ ನಾನು ಮೊದಲು ಆರಿಸುತ್ತೇನೆ.

ನಿದ್ದೆ ಏಳು ಗಂಟೆ. ನಿದ್ದೆ ಕಡಿಮೆಯಾದ ಮರುದಿನ ಹಸಿವು ಏರಿಸುವ ಹಾರ್ಮೋನು ಜಾಸ್ತಿ, ಹೊಟ್ಟೆ ತುಂಬಿತು ಅನ್ನುವ ಹಾರ್ಮೋನು ಕಡಿಮೆ. ಅವತ್ತು ಬೋಂಡ ಕಂಡರೆ ಕೈ ಹೋಗುವುದು ಚಪಲದಿಂದಲ್ಲ, ದೇಹವೇ ಕೇಳುತ್ತಿರುತ್ತದೆ. ಕಾಫಿಯ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಅದಕ್ಕೇ ಮಧ್ಯಾಹ್ನ 3ರ ನಂತರ ಡಿಕಾಕ್ಷನ್ ಬೇಡ.

*ಸಾಮಾನ್ಯ ತಪ್ಪು:* ರಾತ್ರಿ ಊಟವನ್ನೇ ಬಿಡುವುದು. ಹಾಗೆ ಬಿಟ್ಟವರ ಪುಸ್ತಕ ತೆಗೆದು ನೋಡಿ, 11ಕ್ಕೆ ಬಾಳೆಹಣ್ಣು, ಬಿಸ್ಕತ್ತು, ಹಾಲು-ಬ್ರೆಡ್ಡು ಇರುತ್ತದೆ. ಬೇಗ ಉಣ್ಣಿ, ಬಿಡಬೇಡಿ.

*ಎಚ್ಚರದ ಗುರುತು:* ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗಿ ಏಳುವುದು, ಏಳು ಗಂಟೆ ಮಲಗಿದರೂ ಹಗಲು ತೂಕಡಿಕೆ. ಇದು ಊಟದಿಂದ ಮಾತ್ರ ಸರಿಹೋಗುವುದಲ್ಲ, ತೋರಿಸಿಕೊಳ್ಳಿ.

## ಹಂತ 3: ಸಂಜೆ ನಾಲ್ಕೂವರೆಯನ್ನು ಗೆಲ್ಲಿ (ವಾರ 4)

ಬಹುತೇಕ ಎಲ್ಲರ ಪುಸ್ತಕದಲ್ಲೂ ದಿನ ಕೆಡುವುದು ಈ ಹೊತ್ತಿಗೆ. ಆಫೀಸಿನವರಿಗೆ ಕ್ಯಾಂಟೀನ್ ಬಜ್ಜಿ, ಮನೆಯವರಿಗೆ ಟೀ ಜೊತೆ ರಸ್ಕು, ಕೋಡುಬಳೆ. ಇಲ್ಲಿ ಮೂರು ಬೇರೆ ಬೇರೆ ಹಸಿವು ಒಂದೇ ಬಾಯಲ್ಲಿ ಬರುತ್ತವೆ.

ಹೊಟ್ಟೆಯ ಹಸಿವು ನಿಧಾನಕ್ಕೆ ಏರುತ್ತದೆ, ಉಪ್ಪಿಟ್ಟು ಕೊಟ್ಟರೂ ಆಗುತ್ತದೆ, ಮೊಸರನ್ನ ಕೊಟ್ಟರೂ ಆಗುತ್ತದೆ. ಬಾಯಿಚಪಲ ಇದ್ದಕ್ಕಿದ್ದಂತೆ ಬರುತ್ತದೆ, ಅದಕ್ಕೆ ಇಂಥದ್ದೇ ಬೇಕು. ಮೂರನೆಯದು ಮನಸ್ಸಿನದು. ಬೇಜಾರು, ಒಂಟಿತನ, ಯಾರೋ ಅಂದ ಮಾತು. ಅದಕ್ಕೆ ಎಷ್ಟು ತಿಂದರೂ ಸಾಕೆನಿಸುವುದಿಲ್ಲ.

ಗುರುತಿಸುವುದು ಹೇಗೆ? ಒಂದು ಲೋಟ ನೀರು ಕುಡಿದು ಹತ್ತು ನಿಮಿಷ ಕಾಯಿರಿ. ಆಮೇಲೆ ಕೇಳಿಕೊಳ್ಳಿ: ಈಗ ಬೇಯಿಸಿದ ಹೆಸರುಕಾಳು ಕೊಟ್ಟರೆ ತಿನ್ನುತ್ತೇನಾ? ಹೌದು ಅಂದರೆ ಹೊಟ್ಟೆಯ ಹಸಿವು, ತಿನ್ನಿ. ಇಲ್ಲ, ಚಕ್ಕುಲಿಯೇ ಬೇಕು ಅಂದರೆ ಚಪಲ. ಯಾವುದೂ ಅಲ್ಲ, ಸುಮ್ನೆ ಏನೋ ಬೇಕು ಅನಿಸಿದರೆ ಯಾರಿಗಾದರೂ ಫೋನ್ ಮಾಡಿ, ಇಲ್ಲ ಒಂದು ಸುತ್ತು ನಡೆದು ಬನ್ನಿ. ಪುಸ್ತಕದಲ್ಲಿ ಯಾವ ಹಸಿವು ಅಂತ ಒಂದು ಪದ ಬರೆಯಿರಿ. ತಿಂದಿದ್ದರೂ ಬರೆಯಿರಿ. ಬೈದುಕೊಳ್ಳಬೇಡಿ. ಬೈದುಕೊಂಡವರು ಎರಡನೇ ಸಲ ಪುಸ್ತಕ ತೆರೆಯುವುದಿಲ್ಲ.

ನಿಜವಾದ ಹಸಿವಿಗೆ ತಯಾರಿ ಬೇಕು. ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಕಡಲೆಕಾಳು ಉಸಲಿ, ಮಜ್ಜಿಗೆ, ಬೇಯಿಸಿದ ಮೊಟ್ಟೆ, ಒಂದು ಸೀಬೆಹಣ್ಣು. ಚುರುಮುರಿ ಇಷ್ಟ ಇರುವವರು ಮಂಡಕ್ಕಿ ಅರ್ಧ ಮಾಡಿ ಸೌತೆಕಾಯಿ, ಕ್ಯಾರೆಟ್ ತುರಿ, ಕಡಲೆಬೀಜ ಹೆಚ್ಚಿಸಿ. ಇವು ನಾಲ್ಕೂವರೆಗೆ ಕೈಗೆ ಸಿಗುವ ಜಾಗದಲ್ಲಿರಬೇಕು. ಕೋಡುಬಳೆ ಡಬ್ಬಿ ಅಟ್ಟದ ಮೇಲಿರಲಿ.

ಸಕ್ಕರೆಯ ವಿಷಯ. ದಿನಕ್ಕೆ ಮೂರು ಕಾಫಿ, ತಲಾ ಎರಡು ಚಮಚ ಅಂದರೆ ಆರು ಚಮಚ. ಅಲ್ಲಿಗೇ 25ರಿಂದ 30 ಗ್ರಾಂ. ಸಾಧ್ಯವಾದರೆ ಇಡೀ ದಿನಕ್ಕೆ 25 ಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಮ್ಮೆಲೇ ನಿಲ್ಲಿಸಬೇಡಿ. ವಾರಕ್ಕೆ ಕಾಲು ಚಮಚದಂತೆ ಇಳಿಸಿದರೆ ನಾಲಗೆಗೆ ಗೊತ್ತೇ ಆಗುವುದಿಲ್ಲ. "ಸಕ್ಕರೆ ಬಿಟ್ಟು ಬೆಲ್ಲ ಹಾಕುತ್ತೇನೆ" ಅನ್ನುವವರಿಗೆ ಒಂದು ಮಾತು: ಬೆಲ್ಲವೂ ಬಹುಪಾಲು ಸಕ್ಕರೆಯೇ, ರಕ್ತದಲ್ಲಿ ಹಾಗೇ ಏರುತ್ತದೆ. ಜೇನುತುಪ್ಪವೂ ಅಷ್ಟೇ. ಹಣ್ಣನ್ನು ಕಚ್ಚಿ ತಿನ್ನಿ, ಜ್ಯೂಸು ಬೇಡ.

## ಹಂತ 4: ಈಗ ತಟ್ಟೆಗೆ ಬನ್ನಿ (ವಾರ 5ರಿಂದ 8)

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಸಲಹೆಯಲ್ಲಿ 2000 ಕ್ಯಾಲೊರಿಯ ಒಂದು ದಿನದ ಲೆಕ್ಕವಿದೆ: ತರಕಾರಿ-ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಹಾಲು-ಮೊಸರು 300 ಮಿ.ಲೀ. ನಮ್ಮ ತಟ್ಟೆ ನೋಡಿಕೊಳ್ಳಿ. ಮುಕ್ಕಾಲು ಪಾಲು ಅನ್ನ, ಮೇಲೆ ಸಾರು, ಬದಿಯಲ್ಲಿ ಒಂದು ಚಮಚ ಪಲ್ಯ. ಕೊರತೆ ಇರುವುದು ತರಕಾರಿ ಮತ್ತು ಕಾಳಿನದು. ತಿಳಿಸಾರಿನಲ್ಲಿ ಬೇಳೆ ಹೆಸರಿಗೆ ಮಾತ್ರ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಾಲ್ಕು ವಾರಕ್ಕೆ ನಾಲ್ಕು ಕೆಲಸ, ಇದೇ ಕ್ರಮದಲ್ಲಿ.

5ನೇ ವಾರ, ಸೇರಿಸಿ. ಏನನ್ನೂ ತೆಗೆಯಬೇಡಿ. ಮಧ್ಯಾಹ್ನ ಒಂದು ಬಟ್ಟಲು, ರಾತ್ರಿ ಒಂದು ಬಟ್ಟಲು ಪಲ್ಯ ಅಥವಾ ಕೋಸಂಬರಿ ಸೇರಿಸಿ. ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ, ನುಗ್ಗೆ, ಸಿಕ್ಕಿದ ಸೊಪ್ಪು. ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿದರೆ ಅದರ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಊಟದ ಹಿಂದೆಯೇ ಕಾಫಿ-ಟೀ ಕುಡಿದರೆ ಅದಕ್ಕೆ ಅಡ್ಡಿ. ಒಂದು ಗಂಟೆ ಬಿಡಿ.

6ನೇ ವಾರ, ಕ್ರಮ ಬದಲಿಸಿ. ಮದುವೆ ಮನೆಯ ಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬರುತ್ತವೆ, ಅನ್ನ ಆಮೇಲೆ. ದಿನದ ಊಟವೂ ಹಾಗೇ ಆಗಲಿ. ತರಕಾರಿ ಮತ್ತು ಕಾಳು ಮೊದಲು ತಿಂದು ಅನ್ನವನ್ನು ಕೊನೆಗೆ ಉಂಡರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ. ಒಂದು ಪೈಸೆ ಖರ್ಚಿಲ್ಲ, ಅಡುಗೆಯೂ ಬದಲಾಗುವುದಿಲ್ಲ. ಇಡೀ ಈ ಬರಹದಲ್ಲಿ ಒಂದನ್ನೇ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ.

7ನೇ ವಾರ, ಕಾಳು. ದಿನಕ್ಕೆ 85 ಗ್ರಾಂ ಅಂದರೆ ಹಸಿಯಾಗಿ ಸುಮಾರು ಮೂರು ಸಣ್ಣ ಹಿಡಿ. ಹುರುಳಿ, ಹೆಸರು, ಅಲಸಂದೆ, ಕಡಲೆ, ಕಾಲಕ್ಕೆ ತಕ್ಕಂತೆ ಅವರೆ. ಬಸ್ಸಾರು ಇದಕ್ಕೆ ಹೇಳಿ ಮಾಡಿಸಿದ ಅಡುಗೆ. ಬಸಿದ ಕಟ್ಟು ಸಾರಾಗುತ್ತದೆ, ಕಾಳು-ಸೊಪ್ಪು ಪಲ್ಯವಾಗುತ್ತದೆ. ಆದರೆ ನಾವು ಮಾಡುವ ತಪ್ಪೇನು? ಸಾರನ್ನು ಹೊಟ್ಟೆ ತುಂಬ ಅನ್ನಕ್ಕೆ ಕಲಸಿ, ಪಲ್ಯವನ್ನು ನಂಜಿಕೊಳ್ಳಲು ಇಟ್ಟುಕೊಳ್ಳುತ್ತೇವೆ. ಅದನ್ನು ತಿರುಗಿಸಿ. ಹೊಟ್ಟೆಯುಬ್ಬರ ಆಗುವವರು ಕಾಳನ್ನು ಎಂಟು ಗಂಟೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿ. ಇಂಗು, ಶುಂಠಿ ಹಾಕಿ. ಮಾಂಸ, ಮೀನು, ಮೊಟ್ಟೆ ತಿನ್ನುವವರು ಇದೇ ಜಾಗಕ್ಕೆ ಅವನ್ನೂ ಇಟ್ಟುಕೊಳ್ಳಬಹುದು, ಕರಿಯದೆ.

8ನೇ ವಾರ, ಧಾನ್ಯ. ಸಿರಿಧಾನ್ಯ ಬರುವುದು ಈಗ. ವಾರಕ್ಕೆ ಮೂರು ಊಟದಿಂದ ಶುರುಮಾಡಿ. ಸಾಮೆ ಅಥವಾ ನವಣೆ ಹಗುರ, ಮೊದಲು ಅದನ್ನೇ ತನ್ನಿ. ಆರೇಳು ಗಂಟೆ ನೆನೆಸಿ, ಒಂದು ಲೋಟಕ್ಕೆ ಎರಡರಿಂದ ಎರಡೂವರೆ ಲೋಟ ನೀರಿಟ್ಟು ಬೇಯಿಸಿ. ನೀರು ಕಡಿಮೆಯಾದರೆ ಗಂಟಲಲ್ಲಿ ಇಳಿಯುವುದಿಲ್ಲ, ಮಕ್ಕಳು ಎರಡನೇ ಸಲ ಮುಟ್ಟುವುದಿಲ್ಲ. ಕೊಳ್ಳುವಾಗ ಬಣ್ಣ ನೋಡಿ. ಬೆಳ್ಳಗೆ ಹೊಳೆಯುತ್ತಿದ್ದರೆ ಹೊಟ್ಟಿನ ಜೊತೆ ತೌಡೂ ಹೋಗಿದೆ ಅಂತ ಅರ್ಥ, ಆಗ ಅದಕ್ಕೂ ಅಕ್ಕಿಗೂ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ.

ರಾಗಿಯ ಬಗ್ಗೆ ಎರಡು ಮಾತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಗೆ ಹೋಲಿಸುವ ಮಾತೇ ಇಲ್ಲ. ಆದರೂ ಅದು ಧಾನ್ಯವೇ. ಎರಡು ದೊಡ್ಡ ಮುದ್ದೆ ಉಂಡರೆ ಸಕ್ಕರೆ ಏರುತ್ತದೆ. ತೆಳ್ಳಗೆ ಕಾಸಿದ ರಾಗಿ ಗಂಜಿ, ಬೆಲ್ಲ ಹಾಕಿದ ರಾಗಿ ಮಾಲ್ಟ್ ಇನ್ನೂ ಬೇಗ ಏರಿಸುತ್ತವೆ. ಒಂದು ಮುದ್ದೆ, ಎರಡು ಬಟ್ಟಲು ಸೊಪ್ಪು-ಕಾಳು ಅನ್ನುವ ಲೆಕ್ಕ ಇಟ್ಟುಕೊಳ್ಳಿ. "ಅಗಿದು ತಿನ್ನಿ" ಅನ್ನುವ ಬುದ್ಧಿಮಾತು ಮುದ್ದೆಗೆ ಹೊಂದುವುದಿಲ್ಲ, ಅದನ್ನು ನುಂಗಬೇಕು. ಹಾಗಾಗಿ ಎರಡು ತುತ್ತಿನ ನಡುವೆ ಕಾಳನ್ನು ಬಾಯಿಗೆ ಹಾಕಿ ಅಗಿಯಿರಿ. ಊಟ ತಾನಾಗಿ ನಿಧಾನವಾಗುತ್ತದೆ.

*ಸಾಮಾನ್ಯ ತಪ್ಪು:* "ಸಿರಿಧಾನ್ಯ ಅಲ್ವಾ" ಅಂತ ಅನ್ನಕ್ಕಿಂತ ಜಾಸ್ತಿ ಬಡಿಸಿಕೊಳ್ಳುವುದು. ಬೇಯಿಸಿದ ಧಾನ್ಯ ಯಾವುದೇ ಇರಲಿ, ಅದೇ ಸ್ಟೀಲ್ ಬಟ್ಟಲಿನಲ್ಲಿ ಒಂದೂವರೆ. ಹೊಲ, ಗಾರೆ ಕೆಲಸದಂಥ ಮೈಮುರಿಯುವ ದುಡಿಮೆ ಇರುವವರಿಗೆ ಈ ಅಳತೆ ಸಾಲದು, ಅವರು ಜಾಸ್ತಿ ಉಣ್ಣಲೇಬೇಕು.

*ಎಚ್ಚರದ ಗುರುತು:* ಮೂರು ದಿನಕ್ಕೂ ಹೆಚ್ಚು ಮಲಬದ್ಧತೆ ಇದ್ದರೆ ನಾರು ಏರಿದೆ, ನೀರು ಏರಿಲ್ಲ. ಒಂದು ಹೆಜ್ಜೆ ಹಿಂದೆ ಬನ್ನಿ. ಅಂಗೈ-ಅಂಗಾಲು ಜೋಮು, ನಾಲಗೆ ಉರಿ, ಮರೆವು, ವಿಪರೀತ ಸುಸ್ತು ಇದ್ದರೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಿಗೆ, ಬಹಳ ವರ್ಷ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಿಗೆ ಈ ಕೊರತೆ ಬರುವ ಸಾಧ್ಯತೆ ಹೆಚ್ಚು. ಸೊಪ್ಪು, ಸಿರಿಧಾನ್ಯದಿಂದ ಇದು ತುಂಬುವುದಿಲ್ಲ.

## ಹಂತ 5: ಮೈಗೆ ಬಲ (ವಾರ 7ರಿಂದ)

ಊಟದ ಮೇಲಿನ ನಡಿಗೆ ಈಗಾಗಲೇ ರೂಢಿಯಾಗಿದೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ತಲುಪುವಂತೆ ನಿಧಾನಕ್ಕೆ ಏರಿಸಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು.

ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು, ಗೋಡೆಗೆ ಕೈಯೊತ್ತಿ ಬಾಗುವುದು, ಮಂಡಿನೋವಿಲ್ಲದವರಿಗೆ ಸೂರ್ಯನಮಸ್ಕಾರ. ನಡೆಯುವಾಗ ಎದೆ ಬಿಗಿತ, ಎಡಗೈಗೆ ಅಥವಾ ದವಡೆಗೆ ಹರಡುವ ನೋವು ಬಂದರೆ ಅಲ್ಲೇ ನಿಲ್ಲಿ, ಗ್ಯಾಸು ಅಂತ ಸೋಡಾ ಕುಡಿದು ಕೂರಬೇಡಿ. ನೇರ ಆಸ್ಪತ್ರೆಗೆ ಹೋಗಿ.

## ಹಂತ 6: ಊಟಕ್ಕೆ ಮುನ್ನ ಒಂದು ನಿಮಿಷ (ವಾರ 9 ಮತ್ತು 10)

ಆತ್ಮದ ಮಾತು ಬಂದಾಗ ಜನ ಧ್ಯಾನದ ಆ್ಯಪ್ ಹುಡುಕುತ್ತಾರೆ. ಅಷ್ಟು ದೂರ ಹೋಗುವುದು ಬೇಡ. ನಮ್ಮ ಊಟದಲ್ಲೇ ಅದಕ್ಕೆ ಜಾಗವಿತ್ತು. ಎಲೆಯ ಸುತ್ತ ನೀರು ಬಿಡುವವರಿದ್ದಾರೆ, ಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಉಣ್ಣುವವರಿದ್ದಾರೆ, ಬಿಸ್ಮಿಲ್ಲಾ ಅನ್ನುವವರಿದ್ದಾರೆ, ಕೈಜೋಡಿಸಿ ಪ್ರಾರ್ಥಿಸುವವರಿದ್ದಾರೆ. ದೇವರನ್ನು ನಂಬದವರು ಅನ್ನ ಬೆಳೆದವರನ್ನು ನೆನೆಯಬಹುದು. ಹೇಗೇ ಮಾಡಿದರೂ ಆಗುವುದು ಒಂದೇ: ಕೈ ತಟ್ಟೆಗೆ ಹೋಗುವ ಮುನ್ನ ನಿಲ್ಲುತ್ತದೆ, ಉಸಿರು ಇಳಿಯುತ್ತದೆ, ಎದುರಿಗಿರುವುದು ಕಣ್ಣಿಗೆ ಬೀಳುತ್ತದೆ.

ಮಾಡುವ ರೀತಿ ಹೀಗೆ. ಕೂತುಕೊಳ್ಳಿ. ಫೋನು ಬೇರೆ ಕೋಣೆಯಲ್ಲಿರಲಿ, ಟಿ.ವಿ. ಆಫ್ ಮಾಡಿ. ಬಡಿಸಿದ್ದನ್ನು ಒಮ್ಮೆ ನೋಡಿ, ಐದು ಸಲ ನಿಧಾನಕ್ಕೆ ಉಸಿರಾಡಿ, ನಿಮ್ಮ ನಂಬಿಕೆಯ ಮಾತನ್ನು ಹೇಳಿಕೊಂಡು ಮೊದಲ ತುತ್ತು ಎತ್ತಿ. ಮೊದಲ ಐದು ತುತ್ತು ಮೌನವಾಗಿ ಉಣ್ಣಿ. ಆಮೇಲೆ ಮಾತಾಡಿ, ನಗಿ, ತೊಂದರೆಯಿಲ್ಲ. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ತಲುಪಲು ಸುಮಾರು 20 ನಿಮಿಷ ಬೇಕು. ಏಳು ನಿಮಿಷದಲ್ಲಿ ಊಟ ಮುಗಿಸುವವರಿಗೆ ಆ ಸುದ್ದಿ ಕೈತೊಳೆದ ಮೇಲೆ ಬರುತ್ತದೆ.

ಮೂರು ಹೊತ್ತೂ ಮಾಡಲು ಹೋಗಬೇಡಿ. ದಿನಕ್ಕೆ ಒಂದು ಊಟ, ಒಂದೇ.

ವಾರಕ್ಕೊಮ್ಮೆ ಒಬ್ಬರಿಗೆ ಉಣ್ಣಲು ಕೊಡಿ. ಪಕ್ಕದ ಮನೆಯ ಒಂಟಿ ಅಜ್ಜನಿಗೆ ಒಂದು ಬಟ್ಟಲು ಪಲ್ಯ, ಮನೆಗೆಲಸದವರನ್ನು ನಮ್ಮ ಜೊತೆಯೇ ಕೂರಿಸಿಕೊಂಡು ಒಂದು ಊಟ. ಇಡೀ ದಿನ ನನ್ನ ಸಕ್ಕರೆ, ನನ್ನ ತೂಕ ಅಂತಲೇ ತಲೆಕೆಡಿಸಿಕೊಂಡರೆ ಊಟವೇ ಹೆದರಿಕೆಯಾಗಿಬಿಡುತ್ತದೆ. ಕೊಟ್ಟು ಉಂಡ ದಿನ ಆ ಹೆದರಿಕೆ ಇಳಿಯುವುದನ್ನು ನಾನು ನನ್ನಲ್ಲೇ ಕಂಡಿದ್ದೇನೆ.

## ಹಂತ 7: ಉಪವಾಸ, ಬೇಕಿದ್ದವರಿಗೆ ಮಾತ್ರ (ವಾರ 11)

ಏಕಾದಶಿ, ಸೋಮವಾರ, ಶನಿವಾರ ಒಪ್ಪತ್ತು ಮಾಡುವ ರೂಢಿ ಇದ್ದವರು ಅದನ್ನೇ ಸರಿಯಾಗಿ ಮಾಡಿ. ಕೆಡುವುದು ಫಲಾಹಾರದಲ್ಲಿ. ಸಬ್ಬಕ್ಕಿ ವಡೆ, ತುಪ್ಪದಲ್ಲಿ ಮಿಂದ ಅವಲಕ್ಕಿ, ಕೇಸರಿಬಾತು ಸೇರಿದರೆ ಮಾಮೂಲಿ ಊಟಕ್ಕಿಂತ ಭಾರ. ಒಂದು ಹೊತ್ತು ಸಾದಾ ಊಟ, ಇನ್ನೊಂದು ಹೊತ್ತು ಹಣ್ಣು, ಮಜ್ಜಿಗೆ, ನೀರು ಇಷ್ಟಿದ್ದರೆ ಅದು ಉಪವಾಸ. ಮಾತ್ರೆ, ಇನ್ಸುಲಿನ್ ಮೇಲಿರುವವರು ರಂಜಾನ್ ಇರಲಿ, ಏಕಾದಶಿ ಇರಲಿ, ವಾರಗಳ ಮುಂಚೆಯೇ ವೈದ್ಯರ ಬಳಿ ಕೂತು ಡೋಸ್ ಬದಲಿಸಿಕೊಳ್ಳಬೇಕು. ತಲೆಸುತ್ತು ಬಂದರೆ ವ್ರತ ಮುರಿಯಿರಿ. ಅದಕ್ಕೆ ಸಂಕೋಚ ಬೇಡ.

## ಹಂತ 8: ಮದುವೆ, ಹಬ್ಬ, ಜಾರಿದ ದಿನ

ಹೋಳಿಗೆ ಊಟದ ದಿನ ಹೋಳಿಗೆ ತಿನ್ನಿ. ಪಲ್ಯ, ಕೋಸಂಬರಿ ಮೊದಲು. ಹೋಳಿಗೆ ತಿಂದರೆ ಅನ್ನ ಅರ್ಧ. ಊಟದ ಮೇಲೆ ನಡಿಗೆ. ಮರುದಿನ ಪಟ್ಟು ಹಿಡಿದು ಉಪವಾಸ ಮಾಡಬೇಡಿ, ಮಾಮೂಲಿ ಊಟಕ್ಕೆ ಮರಳಿ. ಒಂದು ದಿನ ಜಾರುವುದು ತಪ್ಪಲ್ಲ. ಒಂದೇ ಜಾಗದಲ್ಲಿ ಮೂರು ಸಲ ಜಾರಿದರೆ ಪುಸ್ತಕ ತೆಗೆದು ಆ ಹೊತ್ತನ್ನು ನೋಡಿ. ಆಗ ಸಾಮಾನ್ಯವಾಗಿ ನಿದ್ದೆ ಕೆಟ್ಟಿರುತ್ತದೆ. ಹಂತ 2ಕ್ಕೆ ವಾಪಸ್ ಹೋಗಿ, ಅಲ್ಲಿಂದ ಮತ್ತೆ ಬನ್ನಿ.

## 12ನೇ ವಾರ: ಮತ್ತೆ ಅಳೆಯಿರಿ

ಎಚ್‌ಬಿಎ1ಸಿ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ತೋರಿಸುತ್ತದೆ. ಅದಕ್ಕೇ ಒಂದು ತಿಂಗಳಿಗೇ ಪರೀಕ್ಷೆ ಮಾಡಿಸಿ "ಏನೂ ಆಗಲಿಲ್ಲ" ಅಂತ ನಿರಾಶರಾಗಬೇಡಿ. ರಕ್ತಹೀನತೆ ಇದ್ದವರಲ್ಲಿ ಈ ಅಂಕಿ ಏರುಪೇರಾಗಬಹುದು, ಹಿಮೋಗ್ಲೋಬಿನ್ ಕೂಡ ನೋಡಿಸಿ. ತೂಕ ಅಷ್ಟೇ ಇದ್ದು ಸೊಂಟ ಎರಡು ಸೆಂ.ಮೀ. ಇಳಿದಿದ್ದರೂ ಅದು ಒಳ್ಳೆಯ ಸುದ್ದಿ. ಪ್ರಯತ್ನ ಮಾಡದೆಯೇ ತೂಕ ಬೇಗ ಬೇಗ ಇಳಿಯುತ್ತಿದ್ದರೆ, ಬಾಯಾರಿಕೆ ಮತ್ತು ಮೂತ್ರ ಜಾಸ್ತಿಯಾಗಿದ್ದರೆ ಖುಷಿಪಡಬೇಡಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.

ಎಲ್ಲ ಮಾಡಿಯೂ ಅಂಕಿ ಕದಲದವರಿದ್ದಾರೆ. ಮನೆತನದಲ್ಲಿ ಸಕ್ಕರೆ ಕಾಯಿಲೆ ಇರುವವರಿಗೆ ಊಟ, ನಡಿಗೆಯಿಂದ ಮಾತ್ರ ಸಾಲದೆ ಮಾತ್ರೆ ಬೇಕಾಗಬಹುದು. ಅದು ಸೋಲಲ್ಲ. ವೈದ್ಯರ ಬಳಿ ಹೋಗುವಾಗ ರಿಪೋರ್ಟಿನ ಜೊತೆ ಆ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ. ಹನ್ನೆರಡು ವಾರ ಎಷ್ಟು ಹೊತ್ತಿಗೆ ಉಂಡಿರಿ, ಏನು ಉಂಡಿರಿ ಅನ್ನುವುದು ಅದರಲ್ಲಿದೆ. ಮಾತ್ರೆಯ ಡೋಸ್ ನಿರ್ಧರಿಸಲು ಅವರಿಗೆ ಅದು ಬೇಕು. ಚಿಕ್ಕಮ್ಮ ಈಗ ಎರಡನೇ ಪುಸ್ತಕದಲ್ಲಿದ್ದಾರೆ. ಅದರಲ್ಲಿ ರಾತ್ರಿ ಊಟದ ಸಾಲು ಹೀಗಿದೆ: "8.15, ಎಲ್ಲರ ಜೊತೆ, ಕೂತು."